ನಿಲ್ಲು ಎಂಬ ಒಂದು ಸಾಲು

ಯಾರೇ ಪ್ರೋಗ್ರಾಂ ಬರೆಯಲಿ, ಮೇಜಿನ ಅಂಚು ಬಂದಾಗ ರೋಬೋಟಿಗೆ 'ನಿಲ್ಲು' ಎನ್ನುವ ಸಾಲು ಇರಲೇಬೇಕು. ಇದು ಶಾಲೆಯ ರೋಬೋಟ್ ಕೋಣೆಯ ನಿಯಮ.

ಕೋಣೆಯ ಉದ್ಘಾಟನೆಗೆ ಬಂದ ಶಾಲಾ ಸಮಿತಿಯ ಕಾರ್ಯದರ್ಶಿ ಪಟ್ಟಣಶೆಟ್ಟರು ಕಂಪ್ಯೂಟರ್ ಪರದೆ ನೋಡಿ ಸಿಡುಕಿದರು. "ಶುಭದಿನದಲ್ಲಿ 'ನಿಲ್ಲು' ಅಂತ ಅಪಶಕುನವೇ? ಅಳಿಸಿ!"

ಮೇಷ್ಟ್ರೂ ಅಳಿಸಿದರು, ಮಕ್ಕಳೂ ಅಳಿಸಿದರು. ಚಾಲೂ ಮಾಡಿದ್ದೇ ತಡ, ರೋಬೋಟುಗಳು ಒಂದರ ಹಿಂದೊಂದು ಮೇಜಿನಿಂದ ಧುಮುಕಿದವು. ವಿದ್ಯಾರ್ಥಿನಿ ನೀಲಾಂಬಿಕೆಯದು ಮಾತ್ರ ಅಂಚಿನಲ್ಲಿ, ಶೆಟ್ಟರ ಹೊಟ್ಟೆಯೆದುರು, ಗಕ್ಕನೆ ನಿಂತಿತು.

"ಏನಮ್ಮಾ, ನೀನು ಅಳಿಸಲಿಲ್ಲವೇ? ನಾಳೆಯಿಂದ ಈ ಕೋಣೆಗೆ ಕಾಲಿಡಬೇಡ!" ಎಂದು ಶೆಟ್ಟರು ಗದರಿದರು.

"ಈಗಲೇ ಅಳಿಸ್ತೀನಿ ಸರ್. ಆದರೆ ದೊಡ್ಡವರು ಎದುರು ಬಂದಾಗ ನಿಲ್ಲಬೇಕು ಅಂತಾರಲ್ಲ. ಇದು ತಮ್ಮೆದುರು ನಿಲ್ಲೋದು ಬೇಡವೇ?"

ಶೆಟ್ಟರು ಶಾಲು ಸರಿಪಡಿಸಿಕೊಂಡರು. ಆಮೇಲೆ ಮೇಷ್ಟ್ರ ಕಡೆ ಕಣ್ಣು ಕೆಕ್ಕರಿಸಿದರು. "ಮತ್ತೆ ನಿಮ್ಮದು ಯಾಕ್ರೀ ನಿಲ್ಲಲಿಲ್ಲ?"

ನೀಲಾಂಬಿಕೆ ಮೇಷ್ಟ್ರ ಕೀಬೋರ್ಡನ್ನು ಹತ್ತಿರ ಎಳೆದುಕೊಂಡು 'ನಿಲ್ಲು' ಎಂದು ಬರೆದಳು.