ಬಲೆಸುಟ್ಟ ಬಂಡೆ

ಊರಿನ ಮೂಡಲಿಗೆ, ಕುರುಚಲು ಕಾಡು ದಾಟಿದ ಮೇಲೆ ಸಿಗುವ ಬೋಳುಗುಡ್ಡದ ನೆತ್ತಿಯಲ್ಲಿ ಒಂದು ಹಾಸುಬಂಡೆಯಿದೆ. ಅದರ ನಡುವೆ ಗಾಡಿಯ ಚಕ್ರದಷ್ಟು ಅಗಲದ ಕಪ್ಪು ಕಲೆ. ಎಷ್ಟು ಮಳೆಗಾಲ ಕಳೆದರೂ ಅಳಿದಿಲ್ಲ. ಗುಡ್ಡದ ಬುಡದಲ್ಲಿ ಕೋಟೆಯಿತ್ತು ಎನ್ನುತ್ತಾರೆ. ಅದರ ಕಲ್ಲುಗಳೆಲ್ಲ ಈಗ ಊರಿನ ದನದ ಕೊಟ್ಟಿಗೆಗಳ ಗೋಡೆಯಾಗಿವೆ.

ಹಿಂದೆ ಒಮ್ಮೆ ಆ ಕೋಟೆಯನ್ನು ಆಳುತ್ತಿದ್ದ ಪಾಳೆಯಗಾರ ಶತ್ರುಗಳಿಗೆ ಹೆದರದವನು, ಒಂದು ಹಕ್ಕಿಯ ಕೂಗಿಗೆ ಹೆದರಿದ. ಇರುಳಲ್ಲಷ್ಟೇ ಕೂಗುವ, ಯಾರ ಕಣ್ಣಿಗೂ ಬೀಳದ ಹಕ್ಕಿ ಅದು. ಅದು ಕೂಗುತ್ತಿರುವ ತನಕ ಕೋಟೆಗೆ ಉಳಿಗಾಲವಿಲ್ಲವೆಂದು ಶಕುನದವನೊಬ್ಬ ಹೇಳಿಬಿಟ್ಟಿದ್ದ. ಆಳುಗಳು ಪಂಜು ಹಿಡಿದು ಗುಡ್ಡವೆಲ್ಲ ಜಾಲಾಡಿ ಬರಿಗೈಲಿ ಬಂದರು. ಆಗ ಪಾಳೆಯಗಾರ ಹಕ್ಕಿ ಹಿಡಿಯುವ ಬಲೆಗಾರರ ಹಟ್ಟಿಯ ಪಾಲನೆಂಬವನನ್ನು ಸೆರೆಗೆ ಹಾಕಿ, ಹಕ್ಕಿ ತಂದರೆ ತಮ್ಮನನ್ನು ಬಿಡುವೆನೆಂದು ಅವನ ಅಕ್ಕ ಬೋರವ್ವನಿಗೆ ಹೇಳಿಕಳಿಸಿದ. ತಾಯಿಯಿಲ್ಲದ ಆ ತಮ್ಮನನ್ನು ಬೋರವ್ವ ಮಡಿಲಲ್ಲಿಟ್ಟು ಸಾಕಿದ್ದಳು. ಅವಳು ಬಲೆ ಹೆಗಲಿಗೇರಿಸಿ, ಹಕ್ಕಿ ನಿದ್ದೆಯಲ್ಲಿರುವ ಹಗಲು ಹೊತ್ತಿನಲ್ಲಿ ಹುಡುಕಿದಳು. ಮುಳ್ಳು ಹೊಕ್ಕು ಕಾಲು ಬಾತವು. ಕೊನೆಗೊಂದು ಮಧ್ಯಾಹ್ನ ಅವಳ ಹೆಜ್ಜೆಯ ಮುಂದೆಯೇ ಕಲ್ಲೊಂದು ಕಣ್ಣು ತೆರೆಯಿತು. ಕಲ್ಲಿನದೇ ಬಣ್ಣದ ಆ ಹಕ್ಕಿ, ಬರಿಯ ನೆಲದ ಮೇಲೆ ಎರಡು ಮೊಟ್ಟೆಗೆ ಕಾವು ಕೊಡುತ್ತಿತ್ತು. ಕಾವಿಗೆ ಕೂತ ಹಕ್ಕಿಗೆ ಬಲೆ ಬೀಸುವುದು ಆ ಹಟ್ಟಿಯಲ್ಲಿ ತಾಯಿಗೆ ಕೈಯೆತ್ತಿದಂತೆ. ಬೋರವ್ವನಿಗೆ ಅಳು ಬಂತು, ಸಿಟ್ಟೂ ಬಂತು.

ಸಿಗಲಿಲ್ಲ ಎಂದಿದ್ದರೆ ಅವಳ ಹುಡುಕಾಟ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾಳೆ ಅದೇ ಹಕ್ಕಿಗಾಗಿ ಇನ್ಯಾರದೋ ತಮ್ಮ ಸೆರೆಗೆ ಬೀಳುತ್ತಿದ್ದ. ದೊರೆಯ ಸಿಟ್ಟು ತನ್ನ ಮೇಲೇ ಬೀಳಲೆಂದು ಕೋಟೆಗೆ ಹೋಗಿ, "ಕಂಡೀನಿ. ಕೊಡಾಕಿಲ್ಲ" ಎಂದಳು. ಪಾಳೆಯಗಾರ ಕೆಂಡವಾದ. ಬೇಡಿ ಹಾಕಿದ ಪಾಲನನ್ನೂ ಹಟ್ಟಿಯವರನ್ನೂ ಬಲೆಗಳ ಸಮೇತ ಈ ಬಂಡೆಗೆ ಎಳೆತರಿಸಿ, ಹಕ್ಕಿ ತೋರಿಸದಿದ್ದರೆ ತಮ್ಮ ಮತ್ತೆ ಬೆಳಕು ಕಾಣುವುದಿಲ್ಲವೆಂದ. ಬೋರವ್ವ ತಮ್ಮನ ಕಡೆ ತಿರುಗಿದಳು. ಪಾಲನೇ ಕೇಳಿದ:

"ಅಕ್ಕಾ, ಕಾವಿಗೆ ಕೂತೈತಾ?"

"ಹೂಂ ಕಣಪ್ಪಾ."

"ಹಂಗಾದ್ರೆ ಬ್ಯಾಡ ಬಿಡು."

ಅವಳು ಹೆಗಲ ಬಲೆಯನ್ನು ಬಂಡೆಗೆ ಎಸೆದು, ಚಕಮಕಿ ಕಲ್ಲು ಉಜ್ಜಿ ಬೆಂಕಿ ಹಚ್ಚಿದಳು. "ಇನ್ನು ಯಾವುದರಾಗೆ ಹಿಡೀ ಅಂತೀಯ, ದೊರೆ?" ಎಂದಳು. ಹಟ್ಟಿಯವರೂ ಒಬ್ಬೊಬ್ಬರಾಗಿ ಬಂದು, ಹೊಟ್ಟೆ ಹೊರೆಯುತ್ತಿದ್ದ ತಮ್ಮ ಬಲೆಗಳನ್ನು ಆ ಉರಿಗೇ ಹಾಕಿದರು. ಆಳುಗಳು ಮತ್ತೆ ಗುಡ್ಡ ತುಳಿದರು. ಹಕ್ಕಿಯ ಪಕ್ಕದಲ್ಲೇ ಹಾದುಹೋದರೂ ಕಾಣಲಿಲ್ಲ.

ಪಾಳೆಯಗಾರ ಮಾತು ಉಳಿಸಿಕೊಂಡ. ಪಾಲ ವರ್ಷಗಟ್ಟಲೆ ನೆಲಮಾಳಿಗೆಯ ಕತ್ತಲಲ್ಲಿದ್ದ. ಕೋಟೆ ಕಡೆಗೂ ಬಿತ್ತು. ಅರೆಹೊಟ್ಟೆಯ ಕಾವಲುಗಾರರೇ ಬೇಸತ್ತು ಶತ್ರುವಿಗೆ ಬಾಗಿಲು ತೆಗೆದಿದ್ದರು. ಪಾಲ ಹೊರಬಂದಾಗ ಅವನ ಕಣ್ಣು ಹೋಗಿತ್ತು. ಬೋರವ್ವ ದಿನವೂ ಮುಚ್ಚಂಜೆಗೆ ಅವನ ಕೈ ಹಿಡಿದು ತಂದು ಇಲ್ಲಿ ಕೂರಿಸುತ್ತಿದ್ದಳಂತೆ. ಕೂಗು ಕೇಳಿದ ಮೇಲೆ ಇಬ್ಬರೂ ಎದ್ದು ಮನೆಗೆ ಹೋಗುತ್ತಿದ್ದರು.

ಕಪ್ಪು ಕಲೆಯ ಪಕ್ಕದಲ್ಲಿ ಬಂಡೆ ಎರಡು ಕಡೆ ನುಣುಪಾಗಿ ಸವೆದಿದೆ. ಅದು ಅಕ್ಕ ತಮ್ಮ ಕೂತ ಜಾಗವೆಂದು ತೋರಿಸುತ್ತಾರೆ. ಈಚೆಗೆ ದೊಡ್ಡ ಕ್ಯಾಮೆರಾ, ಬ್ಯಾಟರಿ ಹಿಡಿದು ಹಕ್ಕಿ ಹುಡುಕಿ ಬರುವವರೂ ಇದ್ದಾರೆ. ಹಟ್ಟಿಯವರು ಅವರಿಗೆ ನೀರು ಕೊಟ್ಟು, ಬಂಡೆಯವರೆಗೂ ಕರೆತಂದು, ಸವೆದ ಆ ಜಾಗದಲ್ಲೇ ಕೂರಿಸುತ್ತಾರೆ.

"ಕೂಗು ಕೇಳಿ ಹೋಗ್ರಿ ಸ್ವಾಮಿ. ಎಲ್ಲಿ ಕೂತೈತೆ ಅಂತ ನಮಗೆ ಗೊತ್ತು. ಹೇಳಾಕಿಲ್ಲ."