ಕಂಬದ ನಾಡಿ

“ಗುರುಗಳೇ, ರೋಗಿ ಕೈ ಚಾಚಿಕೊಂಡು ಕುಳಿತಿರುತ್ತಾನೆ. ನೀವು ಮಾತ್ರ ನಾಡಿ ಹಿಡಿಯದೆ ಎಷ್ಟೋ ಹೊತ್ತು ಸುಮ್ಮನಿರುತ್ತೀರಿ. ಏಕೆ?” ಎಂದು ಶುನ್ಸಾಕು ಕೇಳಿದ. ಅವನು ಸೂಜಿ ಚಿಕಿತ್ಸೆ ಕಲಿಯಲು ಬಂದು ಮೂರು ವರ್ಷವಾಗಿತ್ತು.

ಗುರುಗಳು ಹೇಳಿದರು:

ಜಪಾನಿನ ಒಂದು ಬಂದರಿನ ಊರಿನಲ್ಲಿ ಒಬ್ಬ ಸೂಜಿವೈದ್ಯನಿದ್ದ. ಅವನ ಕೈ ಹಗುರ. ಸೂಜಿ ಚುಚ್ಚಿದ್ದು ರೋಗಿಗೆ ತಿಳಿಯುತ್ತಿರಲಿಲ್ಲ. ಹಾಗಿರುವಾಗ ಪಕ್ಕದ ಬೀದಿಗೆ ಇನ್ನೊಬ್ಬ ವೈದ್ಯ ಬಂದ. ಅವನು ಮೂರು ಉಸಿರಿನೊಳಗೆ ರೋಗ ಹೇಳುತ್ತಾನೆಂದು ಸುದ್ದಿಯಾಯಿತು. ನಮ್ಮ ವೈದ್ಯನಿಗೆ ಊಟ ರುಚಿಸದಾಯಿತು. ತಾನು ಎರಡು ಉಸಿರಿನೊಳಗೆ ಹೇಳಬೇಕೆಂದು ನಿಶ್ಚಯಿಸಿದ.

ಮರುದಿನ ಒಬ್ಬ ಬಣ್ಣಗಾರ ಬಂದ. ಬಟ್ಟೆಗೆ ನೀಲಿ ಹಾಕುವವನು. ನೆನೆದ ಬಟ್ಟೆಯನ್ನು ಹಿಂಡುವಾಗ ಅವನ ಕೈ ಸೋಲುತ್ತಿತ್ತು. ಜಗಲಿಯ ಮೇಲೆ ಹತ್ತು ಜನ ನೋಡುತ್ತಿದ್ದರು. ವೈದ್ಯ ಅವನ ಎರಡೂ ಮಣಿಕಟ್ಟುಗಳ ಮೇಲೆ ಮೂರು ಮೂರು ಬೆರಳು ಒತ್ತಿದ. ಬಡಿತ ಗಟ್ಟಿಯಾಗಿತ್ತು, ವೇಗವಾಗಿತ್ತು. “ಒಳಗೆ ಬಿಸಿ ಹೆಚ್ಚಾಗಿದೆ. ಇಳಿಸಬೇಕು” ಎಂದ. ಜನ ತಲೆದೂಗಿದರು. ಬಣ್ಣಗಾರನೂ ತಲೆ ಬಾಗಿಸಿದ. ವೈದ್ಯ ಹೇಳಿದ ಮೇಲೆ ರೋಗಿ ಮಾತಾಡುವುದು ಆ ಊರಿನಲ್ಲಿ ಮರ್ಯಾದೆಯಲ್ಲ.

ಸೂಜಿ ಹಾಕುವುದರಲ್ಲಿ ಎರಡು ಬಗೆ ಇದೆ, ನಿನಗೆ ಗೊತ್ತು. ಹೆಚ್ಚಾದದ್ದನ್ನು ಇಳಿಸುವುದು ಒಂದು, ಕುಂದಿದ್ದನ್ನು ತುಂಬುವುದು ಇನ್ನೊಂದು. ವೈದ್ಯ ಇಪ್ಪತ್ತು ದಿನ ಇಳಿಸಿದ. ದಿನವೂ ಮಣಿಕಟ್ಟಿನ ಮೇಲೆ ಬೆರಳಿಟ್ಟ ಕೂಡಲೇ “ಹೇಗಿದೆ?” ಎಂದು ಕೇಳುತ್ತಿದ್ದ. “ನಿಮ್ಮ ದಯೆ” ಎಂದು ಬಣ್ಣಗಾರ ಹೇಳುತ್ತಿದ್ದ. ಇಪ್ಪತ್ತೊಂದನೆಯ ದಿನ ಅವನು ಬರಲಿಲ್ಲ. ಗುಣವಾಗಿದೆ ಎಂದು ವೈದ್ಯ ತಿಳಿದ. ಎರಡೇ ಉಸಿರಿನಲ್ಲಿ ರೋಗ ಹಿಡಿದ ಕತೆಯನ್ನು ಬಂದವರಿಗೆಲ್ಲ ಹೇಳಿದ.

ಚಳಿಗಾಲ ಬಂತು. ಹೊಸ ಬಟ್ಟೆ ಬೇಕೆಂದು ವೈದ್ಯ ಬಣ್ಣಗಾರನ ಮನೆಗೆ ಹೋದ. ನಾಲ್ಕು ಒಳ್ಳೆಯ ಮಾತು ಕೇಳಿ ಬರುವ ಆಸೆಯೂ ಇತ್ತು. ಅಂಗಳದಲ್ಲಿ ಬಟ್ಟೆ ಒಣಹಾಕುವ ಗಳಗಳು ಬರಿದಾಗಿದ್ದವು. ನೀಲಿಯ ಹಂಡೆಗಳ ಬಾಯಿ ಮುಚ್ಚಿತ್ತು. ಬಣ್ಣಗಾರ ಹಾಸಿಗೆಯ ಮೇಲಿದ್ದ. ವೈದ್ಯನನ್ನು ಕಂಡು ಏಳಲು ಹೋದ, ಆಗಲಿಲ್ಲ.

“ಊರಿನವರು ನಿಮ್ಮ ಸೂಜಿಗೆ ಬಹಳ ಬುದ್ಧಿ ಇದೆ ಅನ್ನುತ್ತಾರೆ, ವೈದ್ಯರೇ” ಎಂದಳು ಬಣ್ಣಗಾರನ ಹೆಂಡತಿ. “ನಮ್ಮವರ ಕಾಯಿಲೆಗೇ ಬುದ್ಧಿಯಿಲ್ಲ. ನೀವಿಟ್ಟ ಹೆಸರು ಅದಕ್ಕೆ ಹಿಡಿಸಲಿಲ್ಲ.”

“ಸುಮ್ಮನಿರೇ” ಎಂದ ಬಣ್ಣಗಾರ. ಆಮೇಲೆ ವೈದ್ಯನಿಗೆ ಹೇಳಿದ: “ತಪ್ಪು ನನ್ನದು. ನೀವು ಅಷ್ಟು ಶ್ರಮಪಟ್ಟಿರಿ. ಈ ಮೈ ನಿಮ್ಮ ಮರ್ಯಾದೆ ಉಳಿಸಲಿಲ್ಲ. ಅದಕ್ಕೇ ಮುಖ ತೋರಿಸಲಾಗದೆ ಬರುವುದನ್ನು ಬಿಟ್ಟೆ.”

ಅವಳ ಮಾತನ್ನು ವೈದ್ಯ ತಡೆದುಕೊಂಡಿದ್ದ. ಇವನ ಮಾತನ್ನು ತಡೆಯಲಾಗಲಿಲ್ಲ. ಮುಖ ತಿರುಗಿಸಿ ಬಾಗಿಲ ಬಳಿಯ ಕಂಬವನ್ನು ಹಿಡಿದುಕೊಂಡ. ಬೆರಳ ತುದಿಗಳ ಕೆಳಗೆ ಕಂಬ ಬಡಿಯುತ್ತಿತ್ತು. ಗಟ್ಟಿಯಾಗಿ, ವೇಗವಾಗಿ. ಅದೇ ಬಡಿತ. ಅಂದು ಬಣ್ಣಗಾರನ ಕೈಯಲ್ಲಿ ಸಿಕ್ಕಿದ್ದು ಅದೇ.

ಮರಕ್ಕೆ ನಾಡಿಯಿಲ್ಲ.

ಅವನು ಹಾಸಿಗೆಯ ಪಕ್ಕ ಕುಳಿತ. ತನ್ನ ಎದೆಬಡಿತ ಇಳಿಯುವವರೆಗೆ ಕಾದ. ಬಹಳ ಹೊತ್ತು ಹಿಡಿಯಿತು. ನಂತರ ಬಣ್ಣಗಾರನ ಮಣಿಕಟ್ಟನ್ನು ಮೆಲ್ಲನೆ ಮುಟ್ಟಿದ. ಮೇಲುಮೇಲೆ ಮುಟ್ಟಿದರೆ ಏನೂ ಸಿಗಲಿಲ್ಲ. ಆಳದಲ್ಲಿ ನೂಲಿನಷ್ಟು ತೆಳುವಾದ ಬಡಿತವಿತ್ತು. ತುಂಬಬೇಕಾಗಿದ್ದ ಮೈಯಿಂದ ಅವನು ಇಪ್ಪತ್ತು ದಿನ ತೆಗೆದಿದ್ದ.

“ಅಂದು ನಾನು ನೋಡಿದ್ದು ನಿನ್ನ ನಾಡಿಯನ್ನಲ್ಲ, ನನ್ನದನ್ನು” ಎಂದು ಗಂಡಹೆಂಡಿರ ಮುಂದೆ ಹೇಳಿದ. ಹೆಂಡತಿ ಬಾಗಿಲಿನಿಂದಾಚೆ ಹೋದಳು. ಬಣ್ಣಗಾರ ತಾನೇ ಏನೋ ಕದ್ದು ಸಿಕ್ಕಿಬಿದ್ದವನಂತೆ ಗೋಡೆಯ ಕಡೆ ನೋಡಿದ.

ವೈದ್ಯ ಎರಡು ವರ್ಷ ಆ ಮನೆಗೆ ನಡೆದು ಹೋಗಿ ಸೂಜಿ ಹಾಕಿದ. ಬಣ್ಣಗಾರ ಎದ್ದು ಓಡಾಡಿದ. ಆದರೆ ಬಟ್ಟೆ ಹಿಂಡುವ ಬಲ ಅವನ ಕೈಗೆ ಮರಳಲಿಲ್ಲ. ಹಂಡೆಗಳನ್ನು ಬೇರೆಯವರು ಕೊಂಡರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶುನ್ಸಾಕುವಿಗೆ ಸಮಾಧಾನವಾಗಲಿಲ್ಲ.

“ವೈದ್ಯನದು ತಪ್ಪೇ, ಗುರುಗಳೇ. ಆದರೆ ಬಣ್ಣಗಾರನೂ ಅಷ್ಟು ದಿನ ಬಾಯಿಮುಚ್ಚಿಕೊಂಡಿದ್ದನಲ್ಲ? ‘ಇದು ನನ್ನ ರೋಗವಲ್ಲ’ ಎಂದು ಒಂದು ಸಲವಾದರೂ ಹೇಳಬಹುದಿತ್ತು.”

“ಇಪ್ಪತ್ತು ದಿನವೂ ಹೇಳಿದ, ವೈದ್ಯನ ಬೆರಳಿನ ಕೆಳಗೇ ಹೇಳಿದ” ಎಂದರು ಗುರುಗಳು.