ಕರಿಬಸ ಮಾವನ ಬೆವರು ಮುಚ್ಚಿದ್ದು

ಕುಂಬಾರರ ಹಾಲವ್ವನಿಗೆ ಇದ್ದವನು ಒಬ್ಬನೇ ಮಗ, ಕರಿಬಸ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಹಾಲವ್ವನ ಕರ್ಮ.

ಒಂದು ಬೆಳಿಗ್ಗೆ ನೀರಿನ ಗಡಿಗೆ ಸೋರಿ ಒಲೆಯೇ ಆರಿಹೋಯಿತು. ಇವನು ಪಕ್ಕದಲ್ಲೇ ಕೂತು ನೋಡುತ್ತಿದ್ದ. ಸೋರುವುದು ಕಂಡರೆ ಹೀಗೆ ಬಾಯಿ ಬಿಟ್ಟುಕೊಂಡು ಕೂರಬಾರದು, ಒಂದು ಹಿಡಿ ಮಣ್ಣು ತಂದು ಮೆತ್ತಬೇಕು ಎಂದು ಹಾಲವ್ವ ಬೈದಳು. ಕರಿಬಸ ತಲೆಯಾಡಿಸಿದ.

ಮಧ್ಯಾಹ್ನ ಹಾಲವ್ವನ ಅಣ್ಣ ಕೊಟ್ರಪ್ಪ ಬಂದ. ಮಗಳನ್ನು ಈ ಮನೆಗೇ ಕೊಡುವ ಮನಸ್ಸು ಮಾಡಿ, ಉರಿಬಿಸಿಲಲ್ಲಿ ನಡೆದು ಬಂದಿದ್ದ. ಅಂಗಿ ಬಿಚ್ಚಿ ಜಗಲಿಯ ಮೇಲೆ ಅಡ್ಡಾದವನಿಗೆ ಹಾಗೇ ನಿದ್ದೆ ಹತ್ತಿತು. ಮೈಯೆಲ್ಲ ಬೆವರು. ಅಯ್ಯೋ, ಮಾವ ಸೋರುತ್ತಿದ್ದಾನಲ್ಲ ಎಂದುಕೊಂಡ ಕರಿಬಸ, ಮಣ್ಣು ಕಲಸಿ ತಂದು ಹಣೆಯಿಂದ ಹಿಮ್ಮಡಿವರೆಗೂ ಮೆತ್ತಿದ. ಮಣ್ಣು ಒಣಗಿ ಬಿಗಿಯಿತು. ಕೊಟ್ರಪ್ಪ ಒಳಗೇ ಬೇಯುತ್ತ ಕೂಗಿಕೊಂಡು ಎದ್ದ.

ಹಾಲವ್ವ ಕೊಡಗಟ್ಟಲೆ ನೀರು ಸುರಿದು ಅಣ್ಣನನ್ನು ತೊಳೆದಳು. ಬೆವರು ಅಂದರೆ ಮೈ ತನ್ನನ್ನು ತಾನು ತಂಪು ಮಾಡಿಕೊಳ್ಳುವ ಬಗೆ ಕಣೋ ಕೋಣ, ಮೈ ಸುಡುತ್ತಿದ್ದರೆ ಹೊದ್ದದ್ದು ತೆಗೆದು ಗಾಳಿ ಹಾಕಬೇಕು ಎಂದು ಮಗನಿಗೆ ಉಗಿದಳು.

ಬಿಸಿಲು, ನೀರು ಎರಡೂ ಸೇರಿ ಸಂಜೆಗೆ ಕೊಟ್ರಪ್ಪನಿಗೆ ಚಳಿಜ್ವರ ಬಂತು. ಕಂಬಳಿ ಹೊದ್ದು ಗಡಗಡ ನಡುಗುತ್ತ ಮಲಗಿದ. ಕರಿಬಸ ಮುಟ್ಟಿ ನೋಡಿದ; ಮೈ ಸುಡುತ್ತಿತ್ತು. ಕಂಬಳಿ ಕಿತ್ತೆಸೆದು, ಮೊರ ತಂದು ಬೀಸಿದ. ಮಾವನ ಹಲ್ಲು ಕಟಕಟ ಅಂದಷ್ಟೂ ಜೋರಾಗಿ ಬೀಸಿದ.

ಹಾಲವ್ವ ಮೊರ ಕಿತ್ತುಕೊಂಡು ಅದರಲ್ಲೇ ನಾಲ್ಕು ಬಾರಿಸಿದಳು.

"ಚಳಿಯಾದರೆ ಮೈ ನಡುಗಿ ನಡುಗಿ ತಾನೇ ಕಾವು ಹುಟ್ಟಿಸಿಕೊಳ್ತದೆ. ಅದಕ್ಕೆ ಅದರ ಕೆಲಸ ಗೊತ್ತು, ನಿನಗೆ ಗೊತ್ತಿಲ್ಲ. ಇನ್ನು ಮೇಲೆ ಕೈಕಟ್ಟಿ ಕೂತ್ಕೊ. ಮೈಗೆ ಏನು ಬೇಕೋ ಅದನ್ನ ಮೈಯೇ ಕೇಳ್ತದೆ."

ತಂಗಿಯ ಮುಖ ನೋಡಿ ಕೊಟ್ರಪ್ಪ ಎಲ್ಲ ನುಂಗಿಕೊಂಡ. ಜ್ವರ ಬಿಟ್ಟು ಊರಿಗೆ ಹೋದ ಮೇಲೆ, ಮಗಳೂ ಒಂದು ಸಲ ನೋಡಲಿ ಎಂದು ಅಳಿಯನನ್ನು ಊಟಕ್ಕೆ ಕರೆಸಿದ. ಹುಡುಗಿ ಹೋಳಿಗೆ ಬಡಿಸಿ ತುಪ್ಪ ಹಾಕಿದಳು. ಕರಿಬಸ ಕೈಕಟ್ಟಿ ಕೂತ. ಉಣ್ಣಪ್ಪ ಅಂದರು, ಮೈ ಇನ್ನೂ ಕೇಳಿಲ್ಲ ಅಂದ. ತುಪ್ಪ ಹೆಪ್ಪುಗಟ್ಟಿತು. ಕೊಟ್ರಪ್ಪ ಹಣೆ ಹಿಡಿದುಕೊಂಡ. ಇವನ ಬದಲು ನನ್ನನ್ನು ಒನಕೆಗೆ ಕೊಟ್ಟು ಮದುವೆ ಮಾಡು, ಅದು ಭತ್ತವನ್ನಾದರೂ ಕುಟ್ಟುತ್ತದೆ ಎಂದು ಹುಡುಗಿ ಅಪ್ಪನಿಗೆ ಹೇಳಿ ಒಳಗೆ ಹೋದಳು.

ಆಗ ಕರಿಬಸನ ಹೊಟ್ಟೆ ಗುರ್ರ್ ಅಂತು. ಅವನು ಹೋಳಿಗೆ ಬಿಟ್ಟು ಎದ್ದವನೇ, ಬಂದ ದಾರಿ ಹಿಡಿದು ಓಡಿದ. ಮದುವೆ ಮಾತು ಏನಾಯಿತೋ ಎಂದು ಹಾಲವ್ವ ಬಾಗಿಲಲ್ಲೇ ಕಾಯುತ್ತಿದ್ದಳು.

"ಅವ್ವಾ, ಮೈ ಕೇಳ್ತು," ಅಂದ ಏದುಸಿರು ಬಿಡುತ್ತ. "ಗುರ್ರ್ ಅಂತು. ಗುರ್ರ್ ಅಂದರೆ ಏನು ಕೊಡಬೇಕು?"